ನೋವುಂಡವರ ಮಾತಿಗೆ ಸಂಶೋಧನೆಯಲ್ಲಿ ಸ್ಥಾನವೆಲ್ಲಿ?

ಬೆಳಗಿನ ಹೊತ್ತು ಬೆರಳುಗಳನ್ನು ಮಡಚಲಾರದೆ, ಹಾಲಿನ ಪಾತ್ರೆ ಇಳಿಸಲು ಮಕ್ಕಳನ್ನು ಕೂಗುವ ತಾಯಂದಿರು ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಇದ್ದಾರೆ. ರುಮಟಾಯ್ಡ್ ಸಂಧಿವಾತವೆಂಬುದು ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ವ್ಯಾಧಿ. ಪುರುಷರಿಗಿಂತ ಸ್ತ್ರೀಯರನ್ನು ಎರಡು-ಮೂರು ಪಟ್ಟು ಹೆಚ್ಚಾಗಿ ಕಾಡುವಂಥದ್ದು. ಇದಕ್ಕೆ ಹೊಸ ಹೊಸ ಔಷಧಗಳು ಬರುತ್ತಿರುವುದು ಸಂತೋಷದ ವಿಷಯವೇ. ಆದರೆ ಔಷಧವು ಫಲಿಸಿತೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿದವರಲ್ಲ.

ಸಂಧಿವಾತದ ಔಷಧ ಪರೀಕ್ಷೆಗಳಲ್ಲಿ ಏನನ್ನು ಅಳೆಯಬೇಕೆಂಬ ಬಗ್ಗೆ ಒಮ್ಮತಕ್ಕೆ ಬರಲು 1992ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದಲ್ಲಿ ತಜ್ಞರು ಸೇರಿದರು. ‘ಓಮೆರಾಕ್ಟ್’ ಎಂದು ಹೆಸರಾದ ಈ ವೇದಿಕೆಯಲ್ಲಿ ಮೊದಲ ಹತ್ತು ವರ್ಷ ರೋಗಿಗಳಿಗೆ ಆಸನವಿರಲಿಲ್ಲ. ಊದಿದ ಕೀಲುಗಳೆಷ್ಟು, ನೋಯುವ ಕೀಲುಗಳೆಷ್ಟು, ರಕ್ತಪರೀಕ್ಷೆ ಏನು ಹೇಳುತ್ತದೆ ಎಂಬ ಲೆಕ್ಕ ನಡೆಯುತ್ತಿತ್ತು. ನೋವಿನ ಪ್ರಮಾಣವನ್ನು ರೋಗಿಗಳಿಂದಲೇ ಕೇಳುತ್ತಿದ್ದರೆಂಬುದು ನಿಜ. ಆದರೆ ಪ್ರಶ್ನೆಗಳನ್ನು ಆಯ್ದವರು ತಜ್ಞರು. 2002ರಲ್ಲಿ ಆಸ್ಟ್ರೇಲಿಯದಲ್ಲಿ ಸಭೆ ಸೇರಿದಾಗ ರೋಗಿಗಳನ್ನೂ ಆಹ್ವಾನಿಸಲಾಯಿತು. ಅವರು ಬಂದು ಆಡಿದ ಮಾತು ಬೇರೆಯೇ ಆಗಿತ್ತು. ತಮ್ಮನ್ನು ಕಾಡುವುದು ನೋವು ಮಾತ್ರವಲ್ಲ, ನಿದ್ರೆಯಿಂದಲೂ ತೀರದ ಬಳಲಿಕೆ ಎಂದರು. ತಜ್ಞರ ಪಟ್ಟಿಯಲ್ಲಿ ಬಳಲಿಕೆಯ ಹೆಸರೇ ಇರಲಿಲ್ಲ! 2006ರಲ್ಲಿ ಮಾಲ್ಟಾದಲ್ಲಿ ನಡೆದ ಸಮಾವೇಶದಲ್ಲಿ ಅದನ್ನೂ ಅಳೆಯಬೇಕೆಂಬ ಒಮ್ಮತ ಮೂಡಿತು. 2011ರಲ್ಲಿ ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟವಾದ ಯೂಲಾರ್, ಸಂಶೋಧನಾ ಯೋಜನೆಗಳಲ್ಲಿ ಕನಿಷ್ಠ ಇಬ್ಬರು ರೋಗಿಗಳು ಸಹಭಾಗಿಗಳಾಗಿರಬೇಕೆಂದು ಶಿಫಾರಸು ಮಾಡಿತು.

ಇದು ನಮಗೆ ಸಂಬಂಧಿಸದ ವಿಷಯವೆನ್ನುವಂತಿಲ್ಲ. 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡು ಜಗತ್ತಿನೆಲ್ಲೆಡೆ ಬಳಕೆಗೆ ಬಂದ ಪ್ರಶ್ನಾವಳಿಯು ಸ್ನಾನದ ತೊಟ್ಟಿಗೆ ಇಳಿಯಬಲ್ಲಿರಾ, ಕಾರಿನ ಬಾಗಿಲು ತೆರೆಯಬಲ್ಲಿರಾ ಎಂದು ಕೇಳುತ್ತದೆ. ನಮ್ಮ ಅಜ್ಜಿಯರು ಏನೆಂದು ಉತ್ತರಿಸಿಯಾರು? ದೆಹಲಿಯ ಏಮ್ಸ್ ವೈದ್ಯರು 2002ರಲ್ಲಿ ಪ್ರಕಟಿಸಿದ ಭಾರತೀಯ ರೂಪದಲ್ಲಿ ಸೀರೆ ಉಡುವುದು, ಚಕ್ಕಂಬಕ್ಕಳ ಹಾಕಿ ಕುಳಿತುಕೊಳ್ಳುವುದು ಮುಂತಾದವು ಸೇರಿದವು. ಇದು ಸ್ತುತ್ಯ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ.

ಭಾರತದಲ್ಲಿ 2019ರ ಔಷಧ ಪರೀಕ್ಷಾ ನಿಯಮಗಳ ಪ್ರಕಾರ ನೀತಿ ಸಮಿತಿಯಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಆದರೆ ಆ ವ್ಯಕ್ತಿ ರೋಗವನ್ನು ಅನುಭವಿಸಿದವರೇ ಆಗಬೇಕಿಲ್ಲ. ಮೇಲಾಗಿ ಸಮಿತಿಯ ಮುಂದೆ ಬರುವುದು ಸಿದ್ಧಗೊಂಡ ಯೋಜನೆ. ಯಾವ ಪ್ರಶ್ನೆ ಕೇಳಬೇಕೆಂಬುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ರೋಗಿಗೆ ವಿಜ್ಞಾನ ತಿಳಿಯದು ಎಂಬ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ; ಆಕೆಯಿಂದ ಬೇಕಾದದ್ದು ವಿಜ್ಞಾನವಲ್ಲ. ಇಂಗ್ಲಿಷ್ ಬಲ್ಲ, ಬಿಡುವುಳ್ಳ ನಾಲ್ಕು ಮಂದಿಯೇ ಎಲ್ಲ ರೋಗಿಗಳ ಪರವಾಗಿ ಮಾತನಾಡಿಬಿಡುತ್ತಾರೆಂಬ ಆತಂಕ ಮಾತ್ರ ಗಂಭೀರವಾದದ್ದು.

ಮಹಾನಗರಗಳಲ್ಲಿರುವ ನಮಗೆ ಈ ಆತಂಕ ಇನ್ನಷ್ಟು ಹತ್ತಿರದ್ದು. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬ ನಿಯಮವೇನೋ ಇದೆ. ಆದರೆ ಮಗನ ಮನೆಯಲ್ಲಿ ನೆಲೆಸಲು ಊರಿನಿಂದ ಬಂದ ತಾಯಿಗೆ ಮರಾಠಿಯೂ ಬಾರದು, ಹಿಂದಿಯೂ ಬಾರದು. ವೈದ್ಯರ ಪ್ರಶ್ನೆಗೆ ಆಕೆ ‘ಜೀವವೇ ಸೋತುಹೋಗಿದೆ’ ಎನ್ನುತ್ತಾಳೆ. ಮಗ ಅದನ್ನು ‘ಸ್ವಲ್ಪ ಆಯಾಸವಂತೆ’ ಎಂದು ಹೇಳುತ್ತಾನೆ. ಕಾಗದದ ಮೇಲೆ ಬೀಳುವುದು ಮಗನ ಮಾತು.