ಹೆಬ್ಬೆಟ್ಟು ಒತ್ತುವ ಮೊದಲು

ಕಳೆದ ತಿಂಗಳು ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ತರುಣಿಯೊಬ್ಬಳು ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಬಂದು ಕುಳಿತಳು. ಜೊತೆಗೆ ಅವಳ ಅತ್ತೆಯಿದ್ದಳು. ಗಂಡನು ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು, ಎತ್ತುತ್ತಿದ್ದ ಕಬ್ಬಿಣದ ಕಟ್ಟು ಕ್ರೇನಿನಿಂದ ಜಾರಿ ಮೈಮೇಲೆ ಬಿದ್ದು ತೀರಿಕೊಂಡಿದ್ದನು. ಇನ್ನೂ ತಿಂಗಳು ತುಂಬಿರಲಿಲ್ಲ. ಅತ್ತೆಯು ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಛಾಪಾ ಕಾಗದವನ್ನು ತೆಗೆದು ನಮ್ಮ ಮುಂದಿಟ್ಟು, “ಮಾಸ್ತರ್, ಇದರಾಗ ಏನ್ ಬರದಾರ ನೋಡ್ರಿ. ನಾಳಿ ಮುಕಾದಮ ಬರ್ತಾನ. ಹೆಬ್ಬಟ್ಟ ಒತ್ತಲೇನ್ರಿ?” ಎಂದು ಕೇಳಿದಳು.

ಆ ಕಾಗದವನ್ನು ಓದುವ ಮೊದಲೇ ಅದರಲ್ಲಿ ಏನಿದೆಯೆಂಬದು ನಮಗೆ ತಿಳಿದಿತ್ತು. ಏಕೆಂದರೆ ಅಂಥದೇ ಕಾಗದವನ್ನು ನಾವು ಹಿಂದೆ ಒಮ್ಮೆ ಓದಿದ್ದೆವು. ಓದಿ ತಪ್ಪು ಮಾಡಿದ್ದೆವು. ಈ ತಿಂಗಳು ವಾಚಕರ ಮುಂದೆ ಆ ತಪ್ಪನ್ನೇ ಒಪ್ಪಿಸಿಕೊಳ್ಳಬೇಕೆಂದು ಮಾಡಿದ್ದೇವೆ.

2014ನೆಯ ಇಸವಿಯ ಮಾತು. ಆಗ ನಾವಿನ್ನೂ ಶಾಲೆಯಲ್ಲಿದ್ದೆವು. ನಮ್ಮ ಕೈಯಲ್ಲಿ ಓದು ಕಲಿತ ಹುಡುಗನೊಬ್ಬನು, ಮೂವತ್ತು ವರುಷದವನು, ಪುಣೆಯಲ್ಲಿ ಕ್ರೇನಿನ ತೋಳು ಮುರಿದು ಬಿದ್ದು ಸತ್ತನು. ಗುತ್ತೇದಾರನ ಕಡೆಯವರು ಹೆಣವನ್ನು ಊರಿಗೆ ತಲುಪಿಸಿ, ಹದಿನೈದನೆಯ ದಿನ ಒಂದೂವರೆ ಲಕ್ಷ ರೂಪಾಯಿಗಳೊಡನೆ ಒಂದು ಫಾರಿಕತ್ತು ಪತ್ರವನ್ನೂ ತಂದರು. “ಈ ಹಣವು ಪೂರ್ಣ ಸಂದಾಯವಾಗಿದೆ, ಇನ್ನು ಮುಂದೆ ಯಾವ ಹಕ್ಕನ್ನೂ ಕೇಳುವದಿಲ್ಲ” ಎಂಬದು ಅದರ ಸಾರ. ಮನೆಯವರು ನಮ್ಮನ್ನು ಕರೆದು ಓದಿಸಿದರು. ನಾವು ಓದಿ ಹೇಳಿ, “ಹೋದ ಜೀವ ಬರುವದಿಲ್ಲ, ಬಂದ ಹಣವನ್ನಾದರೂ ಬಿಡಬೇಡಿರಿ, ಒತ್ತಿರಿ” ಎಂದೆವು. ಆ ಹೆಣ್ಣುಮಗಳು ಒತ್ತಿದಳು. ನಾವು ಸಾಕ್ಷಿಯೆಂದು ರುಜುವನ್ನೂ ಹಾಕಿದೆವು.

ನಾಲ್ಕು ವರುಷಗಳ ತರುವಾಯ ಭಾಲ್ಕಿಯಲ್ಲಿ ಪರಿಚಯದ ವಕೀಲರೊಬ್ಬರೊಡನೆ ಮಾತಿನ ಮೇಲೆ ಮಾತು ಬಂದು, ಅವರು ಕಾಗದದ ತುಂಡಿನ ಮೇಲೆ ಲೆಕ್ಕ ಹಾಕಿ ತೋರಿಸಿದರು. ಆಗ ನಡೆಯುತ್ತಿದ್ದುದು 1923ರ ಕಾರ್ಮಿಕ ಪರಿಹಾರ ಕಾಯಿದೆ. ಸತ್ತವನ ತಿಂಗಳ ಸಂಬಳದ ಅರ್ಧವನ್ನು ಅವನ ವಯಸ್ಸಿಗೆ ಗೊತ್ತುಮಾಡಿದ ಗುಣಕದಿಂದ ಗುಣಿಸಬೇಕು. ಮೂವತ್ತು ವರುಷಕ್ಕೆ ಆ ಗುಣಕವು 207.98. ಹುಡುಗನ ಗಳಿಕೆ ಹೆಚ್ಚಿದ್ದರೂ, ಆ ಕಾಲಕ್ಕೆ ಲೆಕ್ಕದಲ್ಲಿ ಹಿಡಿಯಬಹುದಾದ ಸಂಬಳದ ಮೇಲ್ಮಿತಿ 8,000 ರೂಪಾಯಿ. ಅದರ ಅರ್ಧ 4,000. ಗುಣಿಸಿದರೆ 8,31,920 ರೂಪಾಯಿ. ಇದು ಯಾರ ಔದಾರ್ಯವೂ ಅಲ್ಲ, ಅವಳಿಗೆ ಸಲ್ಲಲೇಬೇಕಾಗಿದ್ದ ಮೊತ್ತ. ನಾವು ಒಂದೂವರೆ ಲಕ್ಷಕ್ಕೆ ಸಾಕ್ಷಿ ಹಾಕಿದ್ದೆವು!

ಅದಕ್ಕಿಂತಲೂ ನಮ್ಮನ್ನು ಚುಚ್ಚಿದ ಸಂಗತಿಗಳು ಇನ್ನೆರಡು. ಆ ಕಾಯಿದೆಯ ಪ್ರಕಾರ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಯಾವುದಿದ್ದರೂ ಅಷ್ಟರಮಟ್ಟಿಗೆ ಶೂನ್ಯ. ಮರಣದ ಪರಿಹಾರವನ್ನು ಮಾಲಿಕನು ಆಯುಕ್ತರಲ್ಲಿ ಠೇವಣಿ ಇಡಬೇಕೇ ಹೊರತು, ನೇರವಾಗಿ ಮನೆಯವರ ಕೈಗೆ ಕೊಟ್ಟ ಹಣವು ಪರಿಹಾರವೆಂದೇ ಎಣಿಕೆಯಾಗುವದಿಲ್ಲ. ಅಂದರೆ ಆ ಫಾರಿಕತ್ತಿಗೆ ಬೆಲೆಯೇ ಇರಲಿಲ್ಲ. ಬೆಲೆ ಬಂದುದು ನಾವೆಲ್ಲರೂ ಅದನ್ನು ನಂಬಿದ್ದರಿಂದ. ದಾವೆಗೆ ಎರಡು ವರುಷಗಳ ಅವಧಿಯಿತ್ತು. ತಕ್ಕ ಕಾರಣ ತೋರಿಸಿದರೆ ವಿಲಂಬವನ್ನು ಮನ್ನಿಸುವ ಅಧಿಕಾರವೂ ಉಂಟು. ಆದರೆ ಅಷ್ಟರಲ್ಲಿ ಜೊತೆಗಾರರು ಚದುರಿಹೋಗಿದ್ದರು, ಗುತ್ತೇದಾರನ ವಿಳಾಸವೂ ಸಿಕ್ಕಲಿಲ್ಲ.

ಸಂಸ್ಕೃತ ಓದಿದವರಿಗೆ ಶಬ್ದಗಳ ಮೇಲೆ ವ್ಯಾಮೋಹ ಹೆಚ್ಚು, ವಾಚಕರು ಕ್ಷಮಿಸಬೇಕು. ‘ಪರಿಹಾರ’ವೆಂಬ ಒಂದೇ ಮಾತಿನಿಂದ ನಾವು ಎರಡು ಬೇರೆ ಪದಾರ್ಥಗಳನ್ನು ಕರೆಯುತ್ತೇವೆ. ದುರಂತವಾದ ದಿನ ಅಧಿಕಾರಸ್ಥರು ಸಾರುವ ಹಣವು ಅನುಗ್ರಹ. ಕಾಯಿದೆಯಿಂದ ಬರುವದು ಋಣ. ಅನುಗ್ರಹಕ್ಕೆ ಅಳತೆಯಿಲ್ಲ, ಋಣಕ್ಕೆ ಅಳತೆಯುಂಟು. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಭಾರದ ಪರೀಕ್ಷೆ ನಡೆದಿದ್ದಾಗ ಕ್ರೇನು ಕುಸಿದು 11 ಮಂದಿ ಸತ್ತರು. ಅವರ ಕುಟುಂಬಗಳಿಗೆ 50 ಲಕ್ಷದಂತೆ ಸಾರಲಾಯಿತು. 2023ರ ಆಗಸ್ಟ್ 1ರ ನಸುಕಿನಲ್ಲಿ ಠಾಣೆ ಜಿಲ್ಲೆಯ ಶಹಾಪುರದ ಹತ್ತಿರ, ಸಮೃದ್ಧಿ ಹೆದ್ದಾರಿಯ ಸೇತುವೆಗೆ ತೊಲೆ ಏರಿಸುವ ಯಂತ್ರ ಬಿದ್ದು 20 ಮಂದಿ ಸತ್ತರು. ಅಲ್ಲಿ ರಾಜ್ಯವು 5 ಲಕ್ಷವನ್ನೂ ಕೇಂದ್ರವು 2 ಲಕ್ಷವನ್ನೂ ಸಾರಿದವು. ಒಂದೇ ಬಗೆಯ ಸಾವು. ಒಂದು ಕಡೆ ಐವತ್ತು, ಇನ್ನೊಂದು ಕಡೆ ಏಳು. ಅನುಗ್ರಹದ ಸ್ವಭಾವವೇ ಹೀಗೆ. ಅದನ್ನು ಸ್ವೀಕರಿಸುವದರಲ್ಲಿ ದೋಷವಿಲ್ಲ. ಅದು ಬಂದಿತೆಂದು ಋಣವನ್ನು ಕೇಳದೆ ಬಿಡುವದೇ ದೋಷ.

ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನೆಂಬದನ್ನು ವಾಚಕರು ಬಲ್ಲರು. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವದು ತಂದೆಯ ದಯೆಯಿಂದಲ್ಲ, ಹುಟ್ಟಿನಿಂದಲೇ ಎಂಬದು ಅವನ ಸಿದ್ಧಾಂತ. ಕೂಲಿಕಾರನ ಹೆಂಡಿರು ಮಕ್ಕಳ ಹಕ್ಕೂ ಅಂಥದೇ. ಅಪಘಾತವಾದ ಕ್ಷಣದಲ್ಲಿಯೇ ಅದು ಹುಟ್ಟಿರುತ್ತದೆ. ಮುಕಾದಮನು ಅದನ್ನು ಕೊಡುವವನೂ ಅಲ್ಲ, ಕಸಿಯಬಲ್ಲವನೂ ಅಲ್ಲ.

“ಅವನ ಹಣೆಬರಹ” ಎಂಬ ಮಾತನ್ನು ಇಂಥ ಮನೆಗಳಲ್ಲಿ ಮೊದಲು ಕೇಳುತ್ತೇವೆ. ಕ್ರೇನು ಹಣೆಬರಹದಿಂದ ಬೀಳುವದಿಲ್ಲ. ಅದು ನಮ್ಮ ಏತದ ನಿಯಮಕ್ಕೇ ಒಳಪಟ್ಟ ಯಂತ್ರ. ಭಾರವು ಬುಡದಿಂದ ದೂರ ಹೋದಷ್ಟೂ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಯಾವ ದೂರಕ್ಕೆ ಎಷ್ಟು ಭಾರವೆಂಬ ಪಟ್ಟಿಯು ಪ್ರತಿಯೊಂದು ಕ್ರೇನಿಗೂ ಇರುತ್ತದೆ. ಆ ಪಟ್ಟಿಯನ್ನು ಮೀರಿದರೆ, ಬುಡದ ನೆಲ ಹಸಿಯಾಗಿದ್ದರೆ, ತಂತಿಯ ಹಗ್ಗ ಸವೆದಿದ್ದರೆ, ಬಿರುಗಾಳಿಯಲ್ಲಿ ಎತ್ತಿದರೆ ಅದು ಬೀಳುತ್ತದೆ. ಇವೆಲ್ಲವೂ ಮನುಷ್ಯನು ನೋಡಿಕೊಳ್ಳಬಹುದಾದ ವಿಷಯಗಳು.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯಿಂದಾಗುವ ಅಪಘಾತಗಳ ವಿಚಾರವಿದೆ. ಸಾರಥಿಯು ಅಕುಶಲನಾಗಿದ್ದು ಹಾನಿಯಾದರೆ ದಂಡವು ಬಂಡಿಯ ಒಡೆಯನಿಗೆ. ಸಾರಥಿಯು ಕುಶಲನಾಗಿದ್ದರೆ ದಂಡವು ಸಾರಥಿಗೆ. ಆದರೆ ನೊಗ ಮುರಿದರೆ, ಅಚ್ಚು ಮುರಿದರೆ ದಂಡವಿಲ್ಲ. ಈ ಕಾಲದ ಕಾಯಿದೆಯು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆಯೆಂದು ಹೇಳಲು ನಮಗೆ ಸಂಕೋಚವಿಲ್ಲ. ಜರ್ಮನಿಯಲ್ಲಿ 1884ರಲ್ಲಿ, ಇಂಗ್ಲೆಂಡಿನಲ್ಲಿ 1897ರಲ್ಲಿ, ನಮ್ಮಲ್ಲಿ 1923ರಲ್ಲಿ ಬಂದ ಕಾಯಿದೆಗಳ ತಿರುಳು ಇದು: ಕೆಲಸದಿಂದ ಲಾಭ ಪಡೆಯುವವನೇ ಅದರ ಅಪಾಯವನ್ನೂ ಹೊರತಕ್ಕದ್ದು. ಅಚ್ಚು ಮುರಿಯಿತೇ, ಯಾರದು ತಪ್ಪು ಎಂದು ವಿಧವೆಯು ಸಾಧಿಸಿ ತೋರಿಸಬೇಕಾಗಿಲ್ಲ. ಕೆಲಸದಿಂದ, ಕೆಲಸದ ಸಮಯದಲ್ಲಿ ಅಪಘಾತವಾಯಿತೆಂಬದು ಸಾಕು.

ಈ 1923ರ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದಿದೆ. ತತ್ತ್ವವು ಹಿಂದಿನದೇ, ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಕೆಲಸಕ್ಕೆ ಸಂಬಂಧಪಟ್ಟಂತೆ ಆದ ಅಪಘಾತವನ್ನೂ ಅದು ಸೇರಿಸಿಕೊಂಡಿದೆ. ಲೆಕ್ಕದ ಸಂಬಳದ ಮೇಲ್ಮಿತಿಯನ್ನು 2020ರ ಜನವರಿಯಲ್ಲಿಯೇ 15,000ಕ್ಕೆ ಏರಿಸಿದ್ದರು. ಆ ಪ್ರಕಾರ ಮೂವತ್ತು ವರುಷದವನ ಮನೆಗೆ ಸಲ್ಲುವದು 15,59,850 ರೂಪಾಯಿ.

ಕೆಲಸಗಾರನಲ್ಲದೆ ದಾರಿಹೋಕನು ಸತ್ತರೆ ಗತಿಯೇನು? 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಯ ಮೇಲೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿಯೂ ಅವಳ ಎಳೆಯ ಮಗನೂ ಸತ್ತರು. ಮೆಟ್ರೋ ನಿಗಮವು 20 ಲಕ್ಷವನ್ನು ಸಾರಿತು. ರಾಜ್ಯದ ಹೈಕೋರ್ಟು ತಾನಾಗಿಯೇ ವಿಷಯವನ್ನು ವಿಚಾರಣೆಗೆ ತೆಗೆದುಕೊಂಡಿತು. ಆ ಮನೆಯ ಯಜಮಾನನು 10 ಕೋಟಿ ಪರಿಹಾರ ಬೇಡಿ ಅದೇ ನ್ಯಾಯಾಲಯಕ್ಕೆ ಹೋದನು. ಅವನ ಬೇಡಿಕೆ ಹೆಚ್ಚೋ ಕಡಿಮೆಯೋ ಎಂಬದು ಬೇರೆ ಮಾತು. ಸಾರಿದ ಹಣವನ್ನೇ ಕೊನೆಯ ಮಾತೆಂದು ಎಣಿಸಲಿಲ್ಲವೆಂಬದು ಮುಖ್ಯ. ದಾರಿಹೋಕರಿಗೆ ಸಿವಿಲ್ ದಾವೆಯ ಮಾರ್ಗವುಂಟು. ಅದಕ್ಕೆ ಆಧಾರವಾದ ಮಾರಕ ಅಪಘಾತಗಳ ಕಾಯಿದೆ 1855ರಷ್ಟು ಹಳೆಯದು. ರಸ್ತೆಯಲ್ಲಿ ಓಡಾಡುವ ಕ್ರೇನಿನಿಂದ ಹಾನಿಯಾದರೆ ಮೋಟಾರು ಅಪಘಾತ ನ್ಯಾಯಮಂಡಲಿಯ ಮಾರ್ಗವೂ ಉಂಟು.

ನಮ್ಮ ಸೀಮೆಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಹೈದರಾಬಾದಿಗೋ ಪುಣೆಗೋ ಮುಂಬಯಿಗೋ ಒಬ್ಬನಾದರೂ ಹೋಗದ ಓಣಿ ವಿರಳ. ಆದುದರಿಂದ ಗೃಹಸ್ಥರು ಕೆಲವು ಸಂಗತಿಗಳನ್ನು ನೆನಪಿನಲ್ಲಿ ಇಡತಕ್ಕದ್ದು. ಹೋಗುವವನು ಯಾವ ಊರು, ಯಾವ ಕಟ್ಟಡ, ಯಾವ ಗುತ್ತೇದಾರ, ಮೇಲಿನ ಕಂಪನಿ ಯಾವುದು ಎಂಬದನ್ನು ಮನೆಯ ಪಂಚಾಂಗದ ಹಿಂದಾದರೂ ಬರೆದಿಟ್ಟು ಹೋಗಲಿ. ಸಣ್ಣ ಗುತ್ತೇದಾರನು ಓಡಿಹೋದರೂ ಮೇಲಿನವನು ಹೊಣೆಗಾರನೇ. ಕೂಲಿಯು ಬ್ಯಾಂಕಿನ ಖಾತೆಗೆ ಬರಲಿ. ಅದೇ ಸಂಬಳದ ಸಾಕ್ಷಿ. ವರುಷಕ್ಕೆ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿದವನು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿಕೊಳ್ಳಲಿ. ಕೇಡು ಸಂಭವಿಸಿದರೆ ಪೊಲೀಸರ ಪ್ರಥಮ ವರದಿ, ಶವಪರೀಕ್ಷೆಯ ವರದಿ ಇವುಗಳ ಪ್ರತಿಗಳನ್ನು ಬಿಡದೆ ತರಬೇಕು. ದಾವೆಗಾಗಿ ಪುಣೆಗೆ ಅಲೆಯಬೇಕಾಗಿಲ್ಲ; ಹಕ್ಕುದಾರರು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆಯೂ ಬೇಡ. ಬೀದರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರ ಸಹಾಯವು ಉಚಿತವಾಗಿ ದೊರೆಯುತ್ತದೆ. ವಿಲಂಬವನ್ನು ಮಾತ್ರ ಮಾಡಬಾರದು.

ಆ ಸಂಜೆ ನಾವು ಛಾಪಾ ಕಾಗದವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದೆವು. ಮೊತ್ತವು ಎರಡು ಲಕ್ಷವೆಂದಿತ್ತು. “ಒತ್ತಬೇಡ ತಾಯಿ” ಎಂದೆವು. ಅತ್ತೆಯು, “ಒತ್ತದಿದ್ರ ಇದೂ ಹೋಗ್ತದಲ್ರಿ?” ಎಂದಳು. ಅವಳ ಹೆದರಿಕೆ ಸುಳ್ಳಲ್ಲ. ದಾವೆಯೆಂದರೆ ತಿಂಗಳುಗಟ್ಟಲೆ ಅಲೆದಾಟ; ಒಲೆಯ ಮೇಲಿನ ಗಡಿಗೆ ತೀರ್ಪಿಗಾಗಿ ಕಾಯುವದಿಲ್ಲ. ಕೇಳಿದ ಕೂಡಲೆ ಹಣ ಬರುತ್ತದೆಂದು ನಾವು ಅವಳಿಗೆ ಮಾತು ಕೊಡಲಿಲ್ಲ. ಮರುದಿನ ಬೆಳಿಗ್ಗೆ ಮುಕಾದಮನು ಬಂದಾಗ ನಾವು ಅವರ ಮನೆಯಲ್ಲಿದ್ದೆವು. ಖರ್ಚಿಗೆಂದು ಕೊಡುವದಿದ್ದರೆ ಬರಿಯ ರಸೀದಿಗೆ ಕೊಡು, ಫಾರಿಕತ್ತಿಗೆ ಬೇಡವೆಂದೆವು. ಅವನು ಕೊಡದೆ ಹೋದನು. ಅದೇ ವಾರ ಆ ಇಬ್ಬರನ್ನು ಕರೆದುಕೊಂಡು ಬೀದರಿಗೆ ಹೋಗಿ ಅರ್ಜಿಯನ್ನು ಬರೆಸಿ ಬಂದಿದ್ದೇವೆ. ತೀರ್ಪು ಬರುವವರೆಗೆ ಆ ಮನೆಗೆ ಜೋಳ ಬೇಳೆಗಳನ್ನು ಓಣಿಯವರು ಕೂಡಿ ಸಾಗಿಸುತ್ತಿದ್ದಾರೆ. ಹಕ್ಕನ್ನು ಕೇಳಲು ಕಾಯಿದೆಯೊಂದೇ ಸಾಲದು, ಕೇಳುವವರೆಗೆ ಬದುಕಿಸುವ ನೆರೆಹೊರೆಯೂ ಬೇಕೆಂಬದನ್ನು ಈ ಸಲ ಕಲಿತೆವು.

ಹಳೆಯ ಶಿಷ್ಯನ ಮನೆಗೂ ಹೋಗಿ ಬಂದೆವು. ನಾವು ಹಾಕಿದ ರುಜುವಿನ ವಿಷಯವನ್ನು ಅವನ ಹೆಂಡತಿಗೆ ಬಿಚ್ಚಿ ಹೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಆಗ ಯಾರಿಗೂ ಗೊತ್ತಿದ್ದಿಲ್ರಿ” ಎಂದು ಚಹಾ ಇಡಲು ಒಳಗೆ ಹೋದಳು. ಯಾರಿಗೂ ಗೊತ್ತಿರಲಿಲ್ಲವೆಂಬದು ಕೂಲಿಯವರು ಹೇಳಬಹುದಾದ ಮಾತು. ಅಕ್ಷರ ಬಲ್ಲ ನಾವು ಹೇಳುವ ಮಾತಲ್ಲ. ಈ ಮಾಸಪತ್ರಿಕೆಯನ್ನು ಓದುವ ಪ್ರತಿಯೊಬ್ಬರ ಮನೆಗೂ ಎಂದಾದರೂ ಒಂದು ಕಾಗದವು ಓದಿಸಿಕೊಳ್ಳಲು ಬಂದೀತು. ಅಂದು ಮೊತ್ತವನ್ನು ನೋಡುವ ಮೊದಲು ಲೆಕ್ಕವನ್ನು ನೋಡಿರಿ. ಅದು ಮುಗಿಯುವವರೆಗೆ ಮಸಿಯ ಡಬ್ಬಿಯನ್ನು ತೆರೆಯಗೊಡಬೇಡಿರಿ.