ಪಾಸು ಕೈಯಲ್ಲಿದೆ, ಬಸ್ಸು ಎಲ್ಲಿದೆ?

ಆಲಮಟ್ಟಿಯ ಆಣೆಕಟ್ಟನ್ನು ನೋಡಲು ರವಿವಾರ ಬರುವ ಜನಕ್ಕೆ ಉದ್ಯಾನವಿದೆ, ಸಂಗೀತ ಕಾರಂಜಿಯಿದೆ. ಸೋಮವಾರ ಮುಂಜಾನೆ ಅದೇ ಸೀಮೆಯ ರಸ್ತೆಗಳಲ್ಲಿ ನಿಂತವರಿಗೆ ಬೇರೆ ನೋಟ ಕಾಣುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡ ಹುಡುಗರು, ಹುಡುಗಿಯರು ಬಸ್ಸಿನ ದಾರಿ ಕಾಯುತ್ತ ನಿಂತಿರುತ್ತಾರೆ. ಬಂದ ಬಸ್ಸು ತುಂಬಿದ್ದರೆ ಬಾಗಿಲ ಮೆಟ್ಟಿಲಿಗೆ ಜೋತು ಬೀಳಬೇಕು. ನಿಲ್ಲದೆ ಹೋದರೆ ಮೊದಲನೆಯ ಪಾಠ ತಪ್ಪಿತೆಂದೇ ತಿಳಿಯಬೇಕು. ಸಂಜೆ ಮರಳುವಾಗಲೂ ಇದೇ ಪಾಡು.

ಗಿರಣಿಯ ಗೆಳೆಯರೇ, ಪೇಟೆಯ ಬಂಧುಗಳೇ, ಈ ಮಕ್ಕಳು ಯಾರವರು? ದೊಡ್ಡವರ ಮಕ್ಕಳಿಗೆ ಹಳದಿ ಬಣ್ಣದ ಶಾಲಾ ಮೋಟಾರು ಮನೆಯ ಬಾಗಿಲಿಗೆ ಬರುತ್ತದೆ. ರಸ್ತೆಯ ಬದಿಗೆ ನಿಂತವರು ನಮ್ಮವರು, ನಿಮ್ಮವರು. ಕೂಲಿಯವನ, ಕಾಮಗಾರನ, ಸಂತೆಯಲ್ಲಿ ತಟ್ಟು ಹಾಸಿ ಕೂಡುವವನ ಮಕ್ಕಳು. ಇವರಿಗೆ ಸರಕಾರ ಬಸ್ಸಿನ ಖರ್ಚು ಕೊಡಬೇಕೇ, ಕೊಟ್ಟರೆ ಎಷ್ಟು ಕೊಡಬೇಕು ಎಂಬ ಚರ್ಚೆ ಆಗಾಗ ಏಳುತ್ತದೆ. ಕೆಲವರು ಇದನ್ನು ಬಿಟ್ಟಿ ಭಾಗ್ಯ ಎಂದು ಹೀಯಾಳಿಸುತ್ತಾರೆ. ನಾವು ಹೇಳುವುದು ಇಷ್ಟೇ: ಶಾಲೆಯ ದಾರಿಯೂ ಶಾಲೆಯ ಭಾಗವೇ. ಶಾಲೆ ಸರಕಾರದ ಹೊಣೆಯಾದರೆ ದಾರಿಯೂ ಸರಕಾರದ ಹೊಣೆ.

ಈ ಮಾತನ್ನು ಆಲಮಟ್ಟಿಯಲ್ಲಿ ನಿಂತು ಹೇಳಲು ಕಾರಣವಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಇಲ್ಲಿ ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ನಡುವಿನ ನಾಲ್ವತ್ತೆರಡು ವರ್ಷಗಳಲ್ಲಿ ಕೃಷ್ಣೆಯ ದಂಡೆಯ ಹಳ್ಳಿಗಳು ಒಂದರ ಹಿಂದೆ ಒಂದು ಗುಳೆ ಎದ್ದವು. ಬಾಗಲಕೋಟೆಯ ಹಳೆಯ ಊರಿನ ಭಾಗಗಳು ನೀರಿನ ಪಾಲಾಗಿ ದೂರದಲ್ಲಿ ನವನಗರ ಎದ್ದಿತು. ಇಲ್ಲಿಯ ನೀರು ಎಷ್ಟೋ ದೂರದ ಹೊಲಗಳಿಗೆ ಹರಿಯುತ್ತದೆ, ಇಲ್ಲಿ ಹುಟ್ಟುವ ವಿದ್ಯುತ್ತು ಎಲ್ಲೆಲ್ಲಿಯೋ ದೀಪ ಹಚ್ಚುತ್ತದೆ. ನಾಡಿನ ಒಳಿತಿಗಾಗಿ ಮನೆ ಹೊಲ ಬಿಟ್ಟುಕೊಟ್ಟವರು ಪುನರ್ವಸತಿ ಕೇಂದ್ರ ಎಂಬ ಹೆಸರಿನ ಊರುಗಳಲ್ಲಿ ಹೊಸದಾಗಿ ಒಲೆ ಹೂಡಿದರು.

ಈಗ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಅದಕ್ಕಾಗಿ ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲ ದರ ಗೊತ್ತುಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ. ಒಳ್ಳೆಯದು, ರೈತ ಹೋರಾಡಿ ಪಡೆದದ್ದು ಅದು. ಆದರೆ ಹಳೆಯ ಊರಿನಲ್ಲಿ ನಡೆದುಹೋಗುವಷ್ಟು ಹತ್ತಿರವಿದ್ದ ಶಾಲೆ ಹೊಸ ಊರಿನಿಂದ ದೂರವಾದರೆ, ಆ ದೂರಕ್ಕೆ ಯಾವ ದರ? ಎಕರೆಯೇ ಇಲ್ಲದ ಕೂಲಿಕಾರನ ಮಗನಿಗೆ ಯಾವ ಪರಿಹಾರ? ಈ ಲೆಕ್ಕವನ್ನು ಯಾವ ಕಚೇರಿಯ ಕಾಗದದಲ್ಲಿಯೂ ನಾವು ಕಂಡಿಲ್ಲ.

ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಎಂದಿತು. ಅದರ ನಿಯಮಗಳಲ್ಲಿ ಐದನೆಯ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ, ಎಂಟನೆಯದರವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕೆಂದಿದೆ. ಸರಿ, ಹದಿನಾಲ್ಕು ತುಂಬಿದ ಮೇಲೆ? ಹೈಸ್ಕೂಲು ದೊಡ್ಡ ಹಳ್ಳಿಯಲ್ಲಿ, ಕಾಲೇಜು ನಿಡಗುಂದಿಯಲ್ಲೋ ಬಸವನ ಬಾಗೇವಾಡಿಯಲ್ಲೋ ಮುದ್ದೇಬಿಹಾಳದಲ್ಲೋ. ದೂರ ಹೆಚ್ಚುವ ವಯಸ್ಸಿಗೇ ಕಾನೂನು ಕೈ ಬಿಡುತ್ತದೆ. ಬಡವರ ಮನೆಯಲ್ಲಿ ಹುಡುಗ ದುಡಿಮೆಗೆ ಬರುವ ವಯಸ್ಸೂ ಅದೇ, ಹುಡುಗಿಯ ಮದುವೆಯ ಮಾತು ಏಳುವ ವಯಸ್ಸೂ ಅದೇ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ಲು ಕೊಡುತ್ತಿತ್ತು. ಕೊರೋನಾ ಕಾಲದಲ್ಲಿ ಅದೂ ನಿಂತಿತು.

ಪಾಸು ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. 2023-24ರ ಪಟ್ಟಿಯಂತೆ ಪ್ರಾಥಮಿಕ ಶಾಲೆಯ ಮಗುವಿಗೆ 150 ರೂಪಾಯಿ, ಹೈಸ್ಕೂಲಿನ ಹುಡುಗನಿಗೆ 750, ಪಿಯುಸಿ ಮತ್ತು ಪದವಿಗೆ 1050, ಐಟಿಐಗೆ 1310. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ 150. ದಿನಕ್ಕೆ ಹೋಗಿಬರಲು 40 ರೂಪಾಯಿ ಹಿಡಿಯಿರಿ, ತಿಂಗಳಿಗೆ 25 ದಿನ, ಹತ್ತು ತಿಂಗಳು. ಟಿಕೀಟು ಕೊಂಡರೆ ಹತ್ತು ಸಾವಿರವಾಗುವ ಕಡೆ ಪಾಸಿನವನು ಸಾವಿರಕ್ಕೆ ಮುಗಿಸುತ್ತಾನೆ. ರಿಯಾಯಿತಿ ಸಣ್ಣದಲ್ಲ.

ಹಾಗಾದರೆ ಉಳಿದ ಒಂದು ಸಾವಿರಕ್ಕೆ ಏಕೆ ಇಷ್ಟು ಗಲಾಟೆ? ಗಿರಣಿಯ ಪಗಾರ ತರುವವನನ್ನು ಕೇಳಿರಿ. ಒಬ್ಬ ಮಗ ಹೈಸ್ಕೂಲಿನಲ್ಲಿ, ಇನ್ನೊಬ್ಬ ಪಿಯುಸಿಯಲ್ಲಿ. ಇಬ್ಬರ ಪಾಸಿಗೆ 1800 ರೂಪಾಯಿ. ಅದು ತಿಂಗಳು ತಿಂಗಳು ಕೊಡುವ ಹಣವಲ್ಲ. ಶಾಲೆ ತೆರೆಯುವ ಹೊತ್ತಿಗೆ ಫೀ, ಪಟ್ಟಿ ಪುಸ್ತಕ, ಅಂಗಿ ಚಡ್ಡಿಯ ಜೊತೆಗೆ ಒಮ್ಮೆಲೇ ಎಣಿಸಬೇಕಾದ ಹಣ. ಆಗಲೇ ಬೀಜ ಗೊಬ್ಬರದ ಹಂಗಾಮು. ಅಂಗಡಿಕಾರರೇ, ಜೂನ್ ತಿಂಗಳಲ್ಲಿ ನಿಮ್ಮ ಉದರಿಯ ವಹಿ ಏಕೆ ದಪ್ಪಗಾಗುತ್ತದೆಂಬುದು ನಿಮಗೇ ಗೊತ್ತು. ಬಹುಪಾಲು ಭಾರವನ್ನು ಹೊತ್ತ ಸರಕಾರಕ್ಕೆ ಈ ಉಳಿದ ಪಾಲು ದೊಡ್ಡದಲ್ಲ. ಬಡವನ ಮನೆಗೆ ಮಾತ್ರ ಅದೇ ದೊಡ್ಡದು.

ಸರಕಾರ ಇದನ್ನು ಒಪ್ಪಿಕೊಂಡದ್ದೂ ಆಗಿದೆ. 2018ರ ಫೆಬ್ರುವರಿಯ ಬಜೆಟ್ಟಿನಲ್ಲಿ, ಅಂದು ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಪಾಸು ಎಂದು ಸಾರಿದರು. ಚುನಾವಣೆ ಬಂದಿತು. ಮೇ ತಿಂಗಳಲ್ಲಿ ಕುಮಾರಸ್ವಾಮಿಯವರ ಸರಕಾರ ಕೂತಿತು. ಆಗ ಖಜಾನೆಯ ಮಾತು ಎದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದು ಕೂಗಿದರು. ಮರುವರ್ಷ, ಅದರ ಮರುವರ್ಷ, ಹಳೆಯ ದರಪಟ್ಟಿಯೇ ಮುಂದುವರಿಯಿತು. ಬಜೆಟ್ಟಿನಲ್ಲಿ ಓದಿದ ಮಾತಿಗೆ ಬೆಲೆಯಿಲ್ಲದಿದ್ದರೆ ಬಜೆಟ್ಟನ್ನೇಕೆ ಓದಬೇಕು?

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಿತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲದಾಯಿತು. 2025ರ ಜುಲೈ ಹೊತ್ತಿಗೆ ಈ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ನಾವು ಇದನ್ನು ಮನಸಾರೆ ಸ್ವಾಗತಿಸಿದವರು. ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗಲು ಹೆಣ್ಣುಮಗಳು ಯಾರ ಮುಂದೂ ಕೈ ಒಡ್ಡಬೇಕಾಗಿಲ್ಲ ಎಂಬುದು ಸಣ್ಣ ಮಾತಲ್ಲ. ಆದರೆ ಒಂದೇ ಮನೆಯ ಅಕ್ಕ ಹಣವಿಲ್ಲದೆ ಹತ್ತಿದಳು, ತಮ್ಮ 750 ರೂಪಾಯಿ ಕಟ್ಟಿ ಹತ್ತಿದ. ಸಾಲದೆಂದು, ಬಸ್ಸು ತುಂಬಿದಾಗಲೆಲ್ಲ ಕೆಲವರು ತಮ್ಮನ ಕಿವಿಯಲ್ಲಿ ಊದಿದರು: ಈ ಹೆಂಗಸರಿಂದಲೇ ನಿನಗೆ ಜಾಗವಿಲ್ಲ!

ಈ ವಿಷದ ಮಾತಿಗೆ ಕಿವಿಗೊಡಬೇಡಿರಿ. ಅಕ್ಕ ಬಸ್ಸು ಹತ್ತಿದ್ದು ತಪ್ಪಲ್ಲ. ಹತ್ತುವವರು ಹೆಚ್ಚಿದಷ್ಟು ಬಸ್ಸು ಹೆಚ್ಚಿಸದಿದ್ದದ್ದು ತಪ್ಪು. ಬಡವರಿಬ್ಬರು ಒಂದು ಸೀಟಿಗೆ ಜಗಳಾಡುತ್ತಿದ್ದರೆ ಕಾರಿನಲ್ಲಿ ಹೋಗುವವನಿಗೆ ನಗು ಬರುತ್ತದೆ. ಅಕ್ಕನಿಗೆ ಕೊಟ್ಟದ್ದನ್ನು ಕಸಿಯುವುದು ನ್ಯಾಯವಲ್ಲ, ತಮ್ಮನಿಗೂ ಕೊಡುವುದು ನ್ಯಾಯ. ಮತ್ತೆ ಇನ್ನೊಂದು ಮಾತು. ಅಕ್ಕನಿಗೂ ಬರೀ ಉಚಿತ ಟಿಕೀಟು ಸಾಲದು. ಕಾಲೇಜು ಬಿಟ್ಟ ಹೊತ್ತಿಗೆ ಊರಿಗೆ ಬಸ್ಸಿಲ್ಲ, ಇನ್ನೊಂದು ಬರುವಷ್ಟರಲ್ಲಿ ಕತ್ತಲೆ ಎಂದಾದರೆ ತಂದೆ ತಾಯಿ ಏನು ಮಾಡುತ್ತಾರೆ? ಓದು ಸಾಕು ಎನ್ನುತ್ತಾರೆ. ಆ ಮನೆಯಲ್ಲಿ ಶಕ್ತಿ ಯೋಜನೆ ಸೋಲುವುದು ಹಣದಿಂದಲ್ಲ, ವೇಳಾಪಟ್ಟಿಯಿಂದ.

ನಮ್ಮ ಪೇಟೆಯ ಗೆಳೆಯರು ಕೇಳುತ್ತಾರೆ: ತೆರಿಗೆ ಕಟ್ಟುವವರು ನಾವು, ಊರವರ ಮಕ್ಕಳ ಬಸ್ಸಿಗೆ ನಾವೇಕೆ ಕೊಡಬೇಕು? ಗೆಳೆಯರೇ, ಸಾಬೂನು, ಚಪ್ಪಲಿ ಕೊಳ್ಳುವಾಗ ಕೂಲಿಯವನೂ ನಿಮ್ಮಂತೆಯೇ ತೆರಿಗೆ ಕೊಡುತ್ತಾನೆ. ಡೀಸೆಲ್ಲಿನ ಮೇಲಿನ ತೆರಿಗೆ ಎಲ್ಲರ ಜೋಳದ ಚೀಲದ ಮೇಲೂ ಬೀಳುತ್ತದೆ. 2025ರ ಜನವರಿಯಲ್ಲಿ ಬಸ್ಸಿನ ದರವನ್ನು ನೂರಕ್ಕೆ ಹದಿನೈದರಷ್ಟು ಏರಿಸಿದಾಗ ಅದನ್ನು ಕೊಟ್ಟವನು ಕಾರಿದ್ದವನಲ್ಲ, ಬಸ್ಸು ಹತ್ತುವ ಗಂಡಾಳು. ಅದೂ ಇರಲಿ. ಮಕ್ಕಳು ಬಸ್ಸು ಹತ್ತಿ ಬರುವ ಊರಿನಲ್ಲಿ ಪೇಟೆ ಬೆಳೆಯುತ್ತದೆ. ಲೆಕ್ಕ ಓದು ಬಲ್ಲ ಹುಡುಗ ನಾಳೆ ನಿಮ್ಮ ಅಂಗಡಿಯಲ್ಲಿ ವಹಿ ಬರೆಯುತ್ತಾನೆ, ಐಟಿಐ ಮುಗಿಸಿದವನು ಗಿರಣಿಯ ಯಂತ್ರ ದುರಸ್ತಿ ಮಾಡುತ್ತಾನೆ. ಓದು ಬಿಟ್ಟವನು ಗುಳೆ ಹೋಗುತ್ತಾನೆ. ಗುಳೆ ಹೋದವನು ನಿಮ್ಮ ಗಿರಾಕಿಯಲ್ಲ.

ಇನ್ನೊಂದು ಆಕ್ಷೇಪ ನಿಗಮದ ನಷ್ಟದ್ದು. ಇದಕ್ಕೆ ಉತ್ತರ 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯಲ್ಲಿಯೇ ಇದೆ, ತೊಡಕೂ ಅಲ್ಲಿಯೇ ಇದೆ. ಅದರ 18ನೆಯ ಕಲಮು ಜನಕ್ಕೆ ಸಾಕಷ್ಟು, ಸಮರ್ಪಕ, ಮಿತವ್ಯಯದ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ. 22ನೆಯ ಕಲಮು ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ! ವ್ಯಾಪಾರವೇ ಮುಖ್ಯವಾಗಿದ್ದರೆ ಖಾಸಗಿ ಬಸ್ಸಿನ ಮಾಲೀಕರಿಂದ ಮಾರ್ಗಗಳನ್ನು ಸರಕಾರ ಏಕೆ ತನ್ನ ಕೈಗೆ ತೆಗೆದುಕೊಳ್ಳಬೇಕಾಗಿತ್ತು? ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ, 1948ರಿಂದಲೇ, ಆ ಸರಕಾರ ಬಸ್ಸುಗಳನ್ನು ತಾನೇ ನಡೆಸತೊಡಗಿತು. ಲಾಭವಿಲ್ಲದ ಹಳ್ಳಿಗೂ ಬಸ್ಸು ಹೋಗಬೇಕೆಂಬುದೇ ರಾಷ್ಟ್ರೀಕರಣದ ಅರ್ಥ. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕೇರಳದಲ್ಲಿ ರಿಯಾಯಿತಿಯ ವಿದ್ಯಾರ್ಥಿಗೂ ಬಸ್ಸಿನ ಮಾಲೀಕನಿಗೂ ನಡೆದ ಜಗಳ ಬಹಳ ಹಳೆಯದು. ಲಾಭ ನೋಡುವವನಿಗೆ ಪಾಸಿನ ಹುಡುಗ ಭಾರವಾಗಿಯೇ ಕಾಣುತ್ತಾನೆ.

ಆದರೆ ರಿಯಾಯಿತಿಯ ಭಾರವನ್ನು ಸರಕಾರ ಘೋಷಿಸಿ ನಿಗಮದ ಹೆಗಲಿಗೆ ಹಾಕಿ ಕೈ ತೊಳೆದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ನಿಗಮದ ಹೆಗಲೆಂದರೆ ಕೊನೆಗೆ ಡ್ರೈವರ್ ಕಂಡಕ್ಟರರ ಹೆಗಲೇ. 2021ರ ಏಪ್ರಿಲಿನಲ್ಲಿ ಅವರು ಎರಡು ವಾರ ಮುಷ್ಕರ ಹೂಡಿದರು. 2025ರ ಆಗಸ್ಟ್ 5ರಂದು 38 ತಿಂಗಳ ಬಾಕಿಗಾಗಿ ಮತ್ತೆ ಬಸ್ಸು ನಿಲ್ಲಿಸಿದರು. ತುಂಬಿದ ಬಸ್ಸಿನಲ್ಲಿ ನಮ್ಮ ಹುಡುಗ ಬೈಯುವುದು ಕಂಡಕ್ಟರನನ್ನು, ಕಂಡಕ್ಟರ್ ಬೈಯುವುದು ಹುಡುಗನನ್ನು. ಬಸ್ಸು ಕೊಡದವರು ಮಾತ್ರ ಇಬ್ಬರ ಬಾಯಿಗೂ ಸಿಕ್ಕುವುದಿಲ್ಲ. ಗಿರಣಿಯ ಕಾಮಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸೀಮೆಗೆ ಮತ್ತೊಂದು ಗ್ರಹಚಾರವಿದೆ. ಆಲಮಟ್ಟಿಯ ಈಚೆ ವಿಜಯಪುರ ಜಿಲ್ಲೆ, ಕಲಬುರಗಿಯ ಕಲ್ಯಾಣ ಕರ್ನಾಟಕ ನಿಗಮಕ್ಕೆ ಸೇರಿದ್ದು. ಹೊಳೆಯಾಚೆ ಬಾಗಲಕೋಟೆ ಜಿಲ್ಲೆ, ಹುಬ್ಬಳ್ಳಿಯ ವಾಯವ್ಯ ನಿಗಮದ್ದು. ಓದುವ ಹುಡುಗನಿಗೆ ಹೊಳೆ ಒಂದೇ, ಕಡತಗಳಿಗೆ ಎರಡು ದಂಡೆ. ವೇಳಾಪಟ್ಟಿಯನ್ನು ಇಬ್ಬರೂ ಕೂಡಿ ಮಾಡದಿದ್ದರೆ ಒಂದು ಬಸ್ಸು ಬಿಟ್ಟ ಮೇಲೆ ಇನ್ನೊಂದು ಬರುತ್ತದೆ. ಬಸ್ಸಿನ ಮೈಮೇಲೆ ಕಲ್ಯಾಣದ ಹೆಸರಿದೆ, ಆದರೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ಕೊಟ್ಟ ಸವಲತ್ತು ನಮ್ಮ ಜಿಲ್ಲೆಗಿಲ್ಲ. ಹೆಸರು ಬಂದ ಮೇಲೆ ಒಂದಿಷ್ಟು ಬಸ್ಸಾದರೂ ಬರಲಿ.

ಇದು ಆಗದ ಮಾತೇನಲ್ಲ. ತಮಿಳುನಾಡಿನಲ್ಲಿ ಶಾಲೆಯ ಮಕ್ಕಳಿಗೆ ಹುಡುಗ ಹುಡುಗಿ ಎನ್ನದೆ ಉಚಿತ ಪಾಸು ಬಹುಕಾಲದಿಂದ ನಡೆದುಬಂದಿದೆ. ಸ್ಕಾಟ್ಲೆಂಡಿನಲ್ಲಿ 2022ರ ಜನವರಿಯಿಂದ ಇಪ್ಪತ್ತೆರಡು ವರ್ಷದೊಳಗಿನವರಿಗೆಲ್ಲ ಬಸ್ಸು ಉಚಿತವಾಯಿತು. ಅಷ್ಟು ದೂರವೇಕೆ, ನಮ್ಮ ಆಲಮಟ್ಟಿ ಸ್ಟೇಶನ್ನಿನಲ್ಲಿ ನಿಲ್ಲುವ ರೈಲನ್ನೇ ನೋಡಿರಿ. ಮನೆಯಿಂದ ಶಾಲೆಗೆ ಹೋಗಲು ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ, ಹುಡುಗಿಯರಿಗೆ ಪದವಿಯವರೆಗೆ ಎರಡನೆಯ ದರ್ಜೆಯ ಮಾಸಿಕ ಪಾಸನ್ನು ಉಚಿತವಾಗಿ ಕೊಡುವ ನಿಯಮ ರೈಲ್ವೆಯಲ್ಲಿದೆ. ಹಳಿಯ ಮೇಲೆ ಒಪ್ಪಿದ ತತ್ವ ಡಾಂಬರಿನ ಮೇಲೆ ಏಕೆ ತಪ್ಪಾಗಬೇಕು?

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು, ಪ್ರಾಥಮಿಕ ಶಾಲೆಯಿಂದ ಪದವಿ, ಐಟಿಐವರೆಗೆ ಓದುವ ಎಲ್ಲರಿಗೂ ಪಾಸು ಪೂರ್ತಿ ಉಚಿತವಾಗಬೇಕು. 2018ರಲ್ಲಿ ಕೊಟ್ಟ ಮಾತು ನಡೆಯಬೇಕು. ಎರಡು, ಶಾಲೆ ಕಾಲೇಜಿನ ಗಂಟೆಗೆ ಹೊಂದುವಂತೆ ಬಸ್ಸು ಬಿಡಬೇಕು. ಪುನರ್ವಸತಿ ಊರುಗಳಿಗೆ ಮುಂಜಾನೆ ಒಂದು, ಸಂಜೆ ಒಂದು ಬಸ್ಸು ಕಡ್ಡಾಯವಾಗಬೇಕು. ಮೂರು, ಹೊಳೆಯ ಎರಡೂ ದಂಡೆಯ ನಿಗಮಗಳು ಕೂಡಿ ವೇಳಾಪಟ್ಟಿ ಮಾಡಬೇಕು, ಪಾಸಿನ ಹುಡುಗನಿಗೆ ಸೇತುವೆಯ ಮೇಲೆ ಗಡಿ ಇರಬಾರದು. ನಾಲ್ಕು, ಇದರ ಪೂರ್ತಿ ಹಣವನ್ನು ಸರಕಾರ ಹೊತ್ತಿಗೆ ಸರಿಯಾಗಿ ನಿಗಮಕ್ಕೆ ಕೊಡಬೇಕು. ಸಿಬ್ಬಂದಿಯ ಪಗಾರದಿಂದ ಒಂದು ಕಾಸೂ ಕಡಿಯಕೂಡದು.

ಇದು ತಾನಾಗಿ ಬರುವುದಿಲ್ಲ. ಪ್ರತಿ ಊರಿನವರು ತಮ್ಮ ಶಾಲೆಯ ಗಂಟೆ, ಬಸ್ಸಿನ ಹೊತ್ತು, ನಿಂತ ಮಕ್ಕಳ ಸಂಖ್ಯೆ ಇವನ್ನು ಒಂದು ವಾರ ಬರೆದಿಡಲಿ. ಮೇಷ್ಟ್ರ ಸಹಿ ಹಾಕಿಸಿ ಗ್ರಾಮಸಭೆಯಲ್ಲಿ ಠರಾವು ಮಾಡಲಿ. ಅದರ ಒಂದು ಪ್ರತಿ ಡಿಪೋಕ್ಕೆ, ಒಂದು ಶಾಸಕರಿಗೆ, ಒಂದು ನಮ್ಮ ಪತ್ರಿಕೆಗೆ ಬರಲಿ. ನಾವು ಊರಿನ ಹೆಸರು ಹಾಕಿ ಅಚ್ಚು ಹಾಕುತ್ತೇವೆ. ಗಿರಣಿಯ ಸಂಘಗಳೂ ಪೇಟೆಯ ವರ್ತಕರೂ ಕೂಡಿ ಡಿಪೋದ ಮುಂದೆ ನಿಂತ ದಿನ ಈ ಬಸ್ಸು ಬಂದೇ ಬರುತ್ತದೆ.

ಆಣೆಕಟ್ಟಿಗಾಗಿ ಈ ಜನ ಊರು ಬಿಟ್ಟರು. ಅವರ ಮೊಮ್ಮಕ್ಕಳು ಶಾಲೆ ಬಿಡಬೇಕಾಗಿ ಬರಬಾರದು.