ಡ್ರಮ್ಮಿನ ಕಂಪನಿ ಆಮೇಲೆ, ಮೊದಲು ಕೀ ಎಲ್ಲಿದೆ ಹೇಳಿ

ಜುಲೈ ಬಂತು ಅಂದ್ರೆ ನಮ್ಮ ಕಡೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಗಳ ಗ್ಯಾರಂಟಿ. ಊರಿನ ಶಾಲೆಗೆ ಬ್ಯಾಂಡ್ ಸೆಟ್ ಕೊಡಿಸಬೇಕು, ಆಗಸ್ಟ್ 15ಕ್ಕೆ ಮಕ್ಕಳು ಬಾರಿಸಬೇಕು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಯಾವ ತಾಲೂಕಿನವರಾದ್ರೂ ಪ್ರಶ್ನೆ ಒಂದೇ: "ಯಾವ ಕಂಪನಿದು ತಗೊಳ್ಳೋಣ?" ಒಬ್ಬ ಯಮಹಾ ಅಂತಾನೆ. ಇನ್ನೊಬ್ಬ ಪರ್ಲ್ ಅಂತ ಯೂಟ್ಯೂಬ್ ಲಿಂಕ್ ಹಾಕ್ತಾನೆ. ಮೂರನೆಯವನು "ಮೀರತ್ ಮಾಲು ತಗೊಳ್ರೋ, ಒಂದರ ರೊಕ್ಕದಾಗ ಇಡೀ ಸೆಟ್ ಬರ್ತದ" ಅಂತಾನೆ. ಮೂವರೂ ತಪ್ಪು ಪ್ರಶ್ನೆಗೆ ಉತ್ತರ ಹುಡುಕ್ತಾ ಇದ್ದಾರೆ ಅನ್ನೋದೇ ನನ್ನ ತಕರಾರು.

ದೊಡ್ಡ ಬ್ರಾಂಡುಗಳನ್ನು ಬೈಯೋಕೆ ನಾನು ಕೂತಿಲ್ಲ. ಪಥಸಂಚಲನದ ಡ್ರಮ್ ಮಾಡೋದರಲ್ಲಿ ಯಮಹಾ, ಪರ್ಲ್, ಲಡ್ವಿಗ್ ಇವರೆಲ್ಲ ಪಳಗಿದವರು. ಲಡ್ವಿಗ್ 1909ರಲ್ಲಿ ಶಿಕಾಗೋದಲ್ಲಿ ಶುರುವಾದದ್ದು, ಬ್ರಿಟನ್ನಿನ ಪ್ರೀಮಿಯರ್ 1922ರದ್ದು. ಇವತ್ತಿನ ಅಮೆರಿಕದ ಮಾರ್ಚಿಂಗ್ ಬ್ಯಾಂಡಿನ ಸೈಡ್ ಡ್ರಮ್ ಸಾಮಾನ್ಯವಾಗಿ 14 ಇಂಚು ಅಗಲ, 12 ಇಂಚು ಆಳ, ಸುತ್ತ 12 ಬಿಗಿಯುವ ಸ್ಕ್ರೂ. ಮೇಲಿನ ಹಾಳೆ ಅರಾಮಿಡ್ ನೂಲಿನದ್ದು, ಅಂದ್ರೆ ಬುಲೆಟ್ ಪ್ರೂಫ್ ಜಾಕೆಟ್ಟಿಗೆ ಬಳಸೋ ಕೆವ್ಲಾರ್ ಜಾತಿಯ ನೂಲು. ಅದನ್ನು ಅಷ್ಟು ಬಿಗಿಯೋದು ಯಾಕೆ? ಫುಟ್ಬಾಲ್ ಮೈದಾನದ ಆ ತುದಿಯಲ್ಲಿ ಕೂತವನಿಗೂ ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಕೇಳಬೇಕು, ಅದಕ್ಕೆ. ಹಾಳೆಯ ಸ್ವರ ಎರಡು ಪಟ್ಟು ಏರಬೇಕಾದರೆ ಬಿಗಿತ ನಾಲ್ಕು ಪಟ್ಟು ಆಗಬೇಕು. ಆ ಒತ್ತಡ ತಡೆಯೋಕೆ ಒಳ್ಳೆ ಮರದ ಪದರುಗಳ ಕೊಳವೆ, ಗಟ್ಟಿ ಅಲ್ಯೂಮಿನಿಯಂ ಬಳೆ ಬೇಕು. ಬೆಲೆ ಒಂದೊಂದಕ್ಕೆ ಅರ್ಧ ಲಕ್ಷ ದಾಟೋದು ಇದಕ್ಕೇ.

ಈಗ ಹೇಳಿ, ನಮ್ಮ ಏಳನೇ ಕ್ಲಾಸಿನ ಹುಡುಗಿ ಪ್ರಭಾತಫೇರಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಪಂಚಾಯ್ತಿ ಕಟ್ಟೆವರೆಗೆ ಬಾರಿಸೋ ಡ್ರಮ್ಮಿಗೆ ಆ ಬಿಗಿತ ಬೇಕಾ? ಆ ಭಾರ ಹೊರೋ ಹೆಗಲು ಯಾವುದು ಅಂತ ಯಾರಾದ್ರೂ ಯೋಚಿಸಿದಾರಾ?

ಸರಿ, ಮೀರತ್ ಕಡೆ ಬನ್ನಿ. ದೇಶದ ಬ್ಯಾಂಡ್ ಸಾಮಾನಿಗೆ ಮೀರತ್ತಿನ ಜಾಲಿ ಕೋಠಿ ಗಲ್ಲಿ ತವರು. ಅಲ್ಲಿನ ನಾದಿರ್ ಅಲಿ ಕಂಪನಿ 1885ರಷ್ಟು ಹಳೆಯದು. ಅಲ್ಲಿ ಒಳ್ಳೆ ಮಾಲೂ ಉಂಟು, ಕಳಪೆಯೂ ಉಂಟು. ನಾವು ಕೊಳ್ಳೋ ವಿಧಾನಕ್ಕೆ ಕೈಗೆ ಸಿಗೋದು ಮಾತ್ರ ಕಳಪೆಯೇ. ಮೂರು ಕೊಟೇಶನ್ ತರಿಸ್ತೀವಿ, ಕಡಿಮೆ ಇದ್ದದ್ದಕ್ಕೆ ಸಹಿ ಹಾಕ್ತೀವಿ. ಆ ಕಾಗದದಲ್ಲಿ "ಸೈಡ್ ಡ್ರಮ್ 4, ಬಾಸ್ ಡ್ರಮ್ 1" ಅಂತ ಬಿಟ್ಟರೆ ಕೊಳವೆ ಎಷ್ಟು ದಪ್ಪ, ಬಳೆ ಯಾವ ಲೋಹದ್ದು, ಸ್ಕ್ರೂ ಎಷ್ಟು, ಜೊತೆಗೆ ಬಿಡಿ ಹಾಳೆ ಕೊಡ್ತಾರಾ, ಒಂದಕ್ಷರ ಇರಲ್ಲ. ದಾನಿಗಳ ಹೆಸರು ಮಾತ್ರ ಬಾಸ್ ಡ್ರಮ್ಮಿನ ಮೇಲೆ ದೊಡ್ಡದಾಗಿ ಬರೆಸ್ತೀವಿ.

ಇಂಥ ಡ್ರಮ್ ಸಾಯೋದು ಹೇಗೆ ಗೊತ್ತಾ? ಹಾಳೆ ಹರಿದು ಅಲ್ಲ, ಅದಕ್ಕೂ ಮೊದಲೇ. ಸಡಿಲಾಯ್ತು ಅಂತ ಯಾರೋ ಒಂದೇ ಕಡೆಯ ಸ್ಕ್ರೂ ತಿರುಗಿಸ್ತಾರೆ. ಎದುರು ಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಬಳೆ ಸೊಟ್ಟ ಆಗುತ್ತೆ, ಥ್ರೆಡ್ ಹೋಗುತ್ತೆ. ಅಷ್ಟೊತ್ತಿಗೆ ತಿರುಗಿಸೋ ಕೀ ಕಳೆದಿರುತ್ತೆ, ಪಕ್ಕಡ್ ಹಾಕಿ ತಿರುಗಿಸ್ತಾರೆ, ಸ್ಕ್ರೂ ತಲೆ ಸವೆಯುತ್ತೆ. ಆಮೇಲೆ ಡ್ರಮ್ ಬಿಸಿಯೂಟದ ಅಕ್ಕಿ ಚೀಲದ ಪಕ್ಕದ ಕೋಣೆ ಸೇರುತ್ತೆ. ಅದರ ಮೇಲೆ ಯಮಹಾ ಅಂತ ಬರೆದಿದ್ದರೂ ಗತಿ ಇದೇ.

ಇನ್ನು ಚರ್ಮ ಮತ್ತು ಪ್ಲಾಸ್ಟಿಕ್ಕಿನ ಜಗಳ. ಇಲ್ಲಿ ಪ್ಲಾಸ್ಟಿಕ್ಕಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಲೇಬೇಕು. 1950ರ ದಶಕದವರೆಗೂ ಅಮೆರಿಕದಲ್ಲೂ ಡ್ರಮ್ಮಿಗೆ ಕರುವಿನ ಚರ್ಮವೇ. 1957ರಲ್ಲಿ ಶುರುವಾದ ರೆಮೋ ಕಂಪನಿ ಪಾಲಿಯೆಸ್ಟರ್ ಹಾಳೆಯನ್ನು ಜಗತ್ತಿಗೆಲ್ಲ ಹಂಚಿತು. ಚರ್ಮ ತೇವ ಹೀರಿ ಸಡಿಲಾಗುತ್ತೆ, ಪಾಲಿಯೆಸ್ಟರ್ ಆಗಲ್ಲ. ನಮ್ಮ ಸ್ವಾತಂತ್ರ್ಯ ದಿನ ಬರೋದು ಮಳೆಗಾಲದ ನಡುವೆ. ಕ್ಯಾಸಲ್‌ರಾಕ್ ಇರೋ ಜೋಯಿಡಾ ತಾಲೂಕಿನ ಆಗಸ್ಟಿನಲ್ಲಿ ಒಗೆದ ಬಟ್ಟೆಯೇ ಒಣಗಲ್ಲ, ಚರ್ಮ ಎಲ್ಲಿ ಬಿಗಿಯಾಗಿ ಇರುತ್ತೆ? ಆ ದಿನಕ್ಕೆ ಪ್ಲಾಸ್ಟಿಕ್ಕೇ ಗೆಲ್ಲೋದು.

ಆದರೆ ಒಂದು ದಿನ ಗೆದ್ದದ್ದನ್ನೇ ಬಾಳಿಕೆ ಅಂತ ಕರೆಯೋದು ಮೋಸ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಸರ್ವರ್ ಚೆನ್ನಾಗಿದೆಯಾ ಅಂತ ನೋಡೋಕೆ ಎರಡು ಲೆಕ್ಕ ಕೇಳ್ತೀವಿ: ಎಷ್ಟು ದಿನಕ್ಕೊಮ್ಮೆ ಕೆಡುತ್ತೆ? ಕೆಟ್ಟರೆ ಸರಿಯಾಗೋಕೆ ಎಷ್ಟು ದಿನ? ಉದಾಹರಣೆಗೆ, ಒಂದು ಡ್ರಮ್ 6 ತಿಂಗಳಿಗೊಮ್ಮೆ ಕೆಡುತ್ತೆ, ಹೊಸ ಹಾಳೆ ಬರೋಕೆ 3 ತಿಂಗಳು ಅಂತಿಟ್ಟುಕೊಳ್ಳಿ. 9 ತಿಂಗಳಲ್ಲಿ ಬಾರಿಸೋಕೆ ಸಿಕ್ಕಿದ್ದು 6, ಅಂದ್ರೆ 67%. ಇನ್ನೊಂದು 2 ತಿಂಗಳಿಗೊಮ್ಮೆ ಕೆಡುತ್ತೆ, 2 ದಿನದಲ್ಲಿ ಸರಿಯಾಗುತ್ತೆ. 62 ದಿನದಲ್ಲಿ 60 ದಿನ, ಸುಮಾರು 97%. ಪದೇ ಪದೇ ಕೆಡೋ ಡ್ರಮ್ಮೇ ಹೆಚ್ಚು ದಿನ ಬಾರಿಸಿತು! ಕಂಪನಿಯ ಜಾಹೀರಾತಿನಲ್ಲಿ ಮೊದಲ ಲೆಕ್ಕ ಮಾತ್ರ ಇರುತ್ತೆ. ಎರಡನೆಯದು ನಮ್ಮೂರಿನ ಲೆಕ್ಕ, ನಾವೇ ಹಾಕಬೇಕು.

ಆ ಎರಡನೇ ಲೆಕ್ಕ ಗೊತ್ತಿರೋರು ಈ ನಾಲ್ಕು ತಾಲೂಕಿನಲ್ಲಿ ಇಲ್ವಾ? ಇದ್ದಾರೆ. ಸಿದ್ದಿಯರ ಢಮಾಮಿ ಇದೆ, ಮರದ ಕೊಳವೆಗೆ ಎರಡೂ ಬದಿ ಚರ್ಮ ಬಿಗಿದದ್ದು. ಗೌಳಿ ದಡ್ಡಿಗಳಲ್ಲಿ ದಸರಾಕ್ಕೆ ಢೋಲು ಇದೆ. ಜಾತ್ರೆಗೆ ಹಲಗಿ ಇದೆ, ಬೆಂಕಿಗೆ ಹಿಡಿದು ಕಾಸಿದ ಕೂಡಲೇ ಕಣಕಣ ಅನ್ನೋದು. ಚರ್ಮ ಹೋದರೆ ಹೊಸ ಚರ್ಮ, ಹಗ್ಗ ಹೋದರೆ ಹೊಸ ಹಗ್ಗ. ಕಾಡುಪ್ರಾಣಿಯ ಚರ್ಮ 1972ರ ಕಾಯ್ದೆಯಿಂದ ನಿಷಿದ್ಧ, ಸರಿಯೇ. ಆಡಿನ ಚರ್ಮ ಸಂತೆ ಊರಲ್ಲೇ ಸಿಗುತ್ತೆ. ಚರ್ಮ ಬಿಗಿಯೋ ಕೈ, ಶ್ರುತಿ ಹಿಡಿಯೋ ಕಿವಿ ಎರಡೂ ಇಲ್ಲೇ ಇವೆ.

ಆ ಕೈಗಳನ್ನು ನಾವು ಶಾಲೆಯ ಗೇಟಿನೊಳಗೆ ಕರೀತೀವಾ? ದಾಂಡೇಲಿ ಕಡೆಯ ರೆಸಾರ್ಟುಗಳಿಗೆ ಕರೀತಾರೆ, ರಾತ್ರಿ ಕ್ಯಾಂಪ್‌ಫೈರ್ ಮುಂದೆ ಪ್ರವಾಸಿಗರು ವಿಡಿಯೋ ತೆಗೀಲಿ ಅಂತ. ಹಲಗಿಯವನನ್ನು ಸಾವಿಗೂ ಮೆರವಣಿಗೆಗೂ ಕರೀತಾರೆ. ಆಗಸ್ಟ್ 15ರ ಬೆಳಗ್ಗೆ ಮಾತ್ರ ಅವನ ವಾದ್ಯ "ಶಿಸ್ತಿಗೆ ಹೊಂದಲ್ಲ". ಇಲ್ಲಿ ಅಡ್ಡ ಬರ್ತಿರೋದು ಶಬ್ದವೂ ಅಲ್ಲ, ಬಾಳಿಕೆಯೂ ಅಲ್ಲ ಸ್ವಾಮಿ. ಚರ್ಮ ಮುಟ್ಟೋರು ಯಾರು ಅನ್ನೋ ಹಳೆ ಲೆಕ್ಕ. ಅದಕ್ಕೆ ಬ್ರಾಂಡ್ ಅನ್ನೋ ಹೊಸ ಹೆಸರು ಕೊಟ್ಟಿದ್ದೀವಿ, ಅಷ್ಟೆ.

ಪಥಸಂಚಲನ ಅಂದ್ರೆ ಸಾಹೇಬರ ವಾದ್ಯವೇ ಆಗಬೇಕು ಅನ್ನೋರಿಗೆ ಒಂದು ಮಾತು. ಆ ಸಾಹೇಬರ ಬ್ಯಾಂಡಿಗೆ ದೊಡ್ಡ ಬಾಸ್ ಡ್ರಮ್ ಬಂದದ್ದು 18ನೇ ಶತಮಾನದಲ್ಲಿ, ತುರ್ಕಿಯ ಜಾನಿಸರಿ ಸೈನಿಕರ ವಾದ್ಯ ನೋಡಿ. ಶತ್ರುವಿನ ನಗಾರಿಯನ್ನು ಯುರೋಪಿನ ಸೈನ್ಯಗಳು ನಾಚಿಕೆ ಇಲ್ಲದೆ ಹೆಗಲಿಗೆ ಹಾಕಿಕೊಂಡವು. ಪಕ್ಕದ ಕೇರಿಯ ವಾದ್ಯಕ್ಕೆ ನಾವು ನಾಚ್ತೀವಿ!

ಹಾಗಂತ ಸೈಡ್ ಡ್ರಮ್ ಬಿಸಾಕಿ ಅಂತ ನಾನು ಹೇಳ್ತಿಲ್ಲ. ಕೊಳ್ಳಿ. ಆದರೆ ನಾಲ್ಕರ ಬದಲು ಮೂರು ಕೊಳ್ಳಿ, ನಾಲ್ಕನೆಯದರ ದುಡ್ಡಿನಲ್ಲಿ ಡ್ರಮ್ಮಿಗೆ ಎರಡರಂತೆ ಬಿಡಿ ಹಾಳೆ, ಹೆಚ್ಚುವರಿ ಸ್ಕ್ರೂ, ಮಳೆಗೆ ಹೊದಿಕೆ, ಎರಡು ಕೀ ತರಿಸಿ. ಒಂದು ಕೀ ಹೆಡ್ ಮಾಸ್ತರ ಬೀರುವಿನಲ್ಲಿ ಇರಲಿ, ಇನ್ನೊಂದನ್ನು ಎಂಟನೇ ಕ್ಲಾಸಿನ ಒಂದು ಹುಡುಗಿಗೋ ಹುಡುಗನಿಗೋ ಕೊಟ್ಟು ಬಿಗಿಯೋದು ಕಲಿಸಿ. ಕೊಟೇಶನ್ನಿನಲ್ಲಿ ತೂಕ ಬರೆಸಿ, ಬಳೆಯ ಲೋಹ ಬರೆಸಿ, ಬಿಡಿ ಭಾಗ ಎಷ್ಟು ದಿನಕ್ಕೆ ಕಳಿಸ್ತಾರೆ ಅಂತ ಬರೆಸಿ. ಮಳೆ ಮುಗಿದ ಮೇಲೆ, ನವೆಂಬರ್ 1ರ ರಾಜ್ಯೋತ್ಸವಕ್ಕೆ, ಢಮಾಮಿಯವರನ್ನೋ ಹಲಗಿಯವರನ್ನೋ ಒಂದು ವಾರ ಮೊದಲೇ ಕೂಲಿ ಕೊಟ್ಟು ಕರೆಸಿ. ಕುಣಿದು ತೋರಿಸೋಕಲ್ಲ, ಮಕ್ಕಳಿಗೆ ಬಾರಿಸೋದು, ಬಿಗಿಯೋದು ಕಲಿಸೋಕೆ. ಮೇಷ್ಟ್ರಿಗೆ ಹಾಕೋ ಕುರ್ಚಿಯನ್ನೇ ಅವರಿಗೂ ಹಾಕಿ.

ಇಷ್ಟು ಮಾಡೋಕೆ ಒಪ್ಪಿಗೆ ಇದ್ದರೆ ನನ್ನ ಪಾಲಿನ ದುಡ್ಡು ಈ ತಿಂಗಳೇ ಕಳಿಸ್ತೀನಿ. ಡ್ರಮ್ಮಿನ ಮೇಲೆ ಹೆಸರು ಬೇಡ.